ಗಟ್ಟಿ ಕಾಣಬೇಕು, ಗಟ್ಟಿ ಇರಬಾರದು: ಮೊದಲ ಕವಚಕ್ಕೆ ಯಾವ ಸಾಮಾನು?

ಏಪ್ರಿಲ್ ಮುಗಿಯುವ ಹೊತ್ತಿಗೆ ಉಡುಪಿಯ ನನ್ನ ಶೆಡ್ಡಿಗೆ ಕಾಲೇಜು ಹುಡುಗರು ಬರಲು ಶುರುಮಾಡುತ್ತಾರೆ. ಫೋನಿನಲ್ಲಿ ಒಂದು ಚಿತ್ರ ಇರುತ್ತದೆ. ಬಾಹ್ಯಾಕಾಶದ ಯೋಧ, ಮೈತುಂಬ ಕವಚ, ತಲೆಗೆ ಹೆಲ್ಮೆಟ್. ಕೆಲವರಿಗೆ ಕೃಷ್ಣಾಷ್ಟಮಿಯ ವೇಷಕ್ಕೆ ಬೇಕು, ಕೆಲವರಿಗೆ ಕಾಲೇಜಿನ ಫೆಸ್ಟಿಗೆ. "ನಾವೇ ಮಾಡ್ಬೇಕು ಅಂತಿದ್ದೇವೆ, ಯಾವ ಸಾಮಾನು ತಗೊಳ್ಳೋದು?" ಎಂದು ಕೇಳುತ್ತಾರೆ. ವೇಷ ಮತ್ತು ಟ್ಯಾಬ್ಲೋ ಸಾಮಾನು ಮಾಡುವುದೇ ನನ್ನ ಕಸುಬು. ತಾವೇ ಮಾಡುತ್ತೇವೆ ಎಂದು ಬರುವ ಮಕ್ಕಳನ್ನು ಕಂಡರೆ ನನಗೆ ತುಂಬ ಖುಷಿ.

ನಾನು ಮೊದಲು ಕೇಳುವುದು ಮೂರು ಪ್ರಶ್ನೆ. ಎಷ್ಟು ಹೊತ್ತು ಹಾಕುತ್ತೀರಿ? ಕೂರಬೇಕಾ, ಕುಣಿಯಬೇಕಾ? ಮಳೆ ಬಂದರೆ ಏನು ಮಾಡುತ್ತೀರಿ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಸಾಮಾನಿನ ಮಾತು.

ನನ್ನ ಕಸುಬಿನ ಮೊದಲ ವರ್ಷ ಹೀಗಾಯಿತು. ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಒಬ್ಬ ಹುಡುಗನಿಗೆ ರಟ್ಟಿನಲ್ಲಿ ರೋಬೋ ಕವಚ ಮಾಡಿಕೊಟ್ಟಿದ್ದೆ. ಮೂರು ಪದರದ ಪೆಟ್ಟಿಗೆ ರಟ್ಟು, ಬಿಳಿ ಅಂಟು, ಮೇಲೆ ಬೆಳ್ಳಿ ಬಣ್ಣ. ಮನೆಯಲ್ಲಿ ನೋಡಲು ಬಹಳ ಚಂದ ಇತ್ತು. ರಥಬೀದಿಗೆ ಬರುವಷ್ಟರಲ್ಲಿ ಒಂದು ಮಳೆ ಹೊಡೆಯಿತು. ಹೊರಗಿನ ಬಣ್ಣ ನೀರು ತಡೆಯಿತು, ಆದರೆ ಕತ್ತರಿಸಿದ ಅಂಚುಗಳಿಂದ ನೀರು ಒಳಗೆ ಹೋಯಿತು. ರಟ್ಟಿನ ಪದರ ಬಿಚ್ಚಿಕೊಂಡು, ಭುಜದ ತುಂಡು ಅವನ ಕೈ ಮೇಲೆ ಜೋತುಬಿತ್ತು. ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಮಳೆ ಇಲ್ಲದ ದಿನವೂ ಗಾಳಿಯಲ್ಲಿ ಪಸೆ ಇರುತ್ತದೆ. ಸುಮ್ನೆ ಮೂಲೆಯಲ್ಲಿಟ್ಟ ರಟ್ಟಿಗೂ ಆಗಸ್ಟಿನಲ್ಲಿ ಬೂಷ್ಟು ಹಿಡಿಯುತ್ತದೆ. ಅಂದಿನಿಂದ ನಾನು ರಟ್ಟನ್ನು ಅಳತೆ ನೋಡಲು ಮಾತ್ರ ಬಳಸುತ್ತೇನೆ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ಸಿನಿಮಾದವರು ಏನು ಬಳಸಿದರು ಎಂದು ಹುಡುಕಿ, ಅದೇ ಬೇಕು ಎನ್ನುವವರೂ ಇದ್ದಾರೆ. 1977ರ ಸ್ಟಾರ್ ವಾರ್ಸ್‌ನ ಬಿಳಿ ಸೈನಿಕರ ಕವಚವನ್ನೇ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಅಚ್ಚಿನ ಮೇಲೆ ಹಾಕಿ, ಕೆಳಗಿನಿಂದ ಗಾಳಿ ಎಳೆದು ಮಾಡಿದ್ದು ಅದು. ಅದಕ್ಕೆ ಯಂತ್ರ ಬೇಕು, ಒಂದೊಂದು ತುಂಡಿಗೂ ಅಚ್ಚು ಬೇಕು. ಸಿನಿಮಾದಲ್ಲಿ ಒಂದು ಶಾಟ್ ಮುಗಿದ ಮೇಲೆ ಹೆಲ್ಮೆಟ್ ತೆಗೆದು ಕೂರಬಹುದು. ನೀವು ಸೆಖೆಯಲ್ಲಿ ಮೂರು ಗಂಟೆ ಜನರ ನಡುವೆ ನಡೆಯುವವರು. ನಿಮ್ಮ ಲೆಕ್ಕ ಬೇರೆ.

ಹತ್ತಿರದಲ್ಲೇ ಒಂದು ಒಳ್ಳೆಯ ಪಾಠಶಾಲೆ ಇದೆ. ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಹೋಗಿ ಒಂದು ಗಂಟೆ ಕುಳಿತು ನೋಡಿ. ಭುಜಕೀರ್ತಿ ಬೇರೆ, ಎದೆಕಟ್ಟು ಬೇರೆ, ಕೈಕಟ್ಟು ಬೇರೆ, ಸೊಂಟದ ಡಾಬು ಬೇರೆ. ಹಗುರ ಮರದಲ್ಲಿ ಕೆತ್ತಿ, ಹೊಳೆಯುವ ಬೇಗಡೆ ಹಾಳೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ ತುಂಡುಗಳು. ಒಂದೊಂದನ್ನೂ ಬೇರೆ ಬೇರೆಯಾಗಿ ದಾರದಲ್ಲಿ ಬಿಗಿಯುತ್ತಾರೆ. ಮೈ ಮಡಚುವ ಕಡೆ ಗಟ್ಟಿ ಸಾಮಾನು ಇರುವುದೇ ಇಲ್ಲ, ಬರೀ ಬಟ್ಟೆ. ಅದಕ್ಕೇ ಅಷ್ಟೆಲ್ಲ ಕಟ್ಟಿಕೊಂಡೂ ಬಡಗುತಿಟ್ಟು ಶೈಲಿಯ ಕಲಾವಿದರು ಮೊಣಕಾಲೂರಿ ಸುತ್ತುವ ಮಂಡಿ ಹಾಕುತ್ತಾರೆ, ತೆಂಕುತಿಟ್ಟು ಶೈಲಿಯವರು ಗಿರಕಿ ಹೊಡೆಯುತ್ತಾರೆ. ಬಾಹ್ಯಾಕಾಶದ ಕವಚವನ್ನೂ ಹೀಗೇ ತುಂಡು ತುಂಡಾಗಿ ಯೋಚಿಸಿ. ಮೊಣಕೈ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಈ ನಾಲ್ಕು ಕಡೆ ಕಪ್ಪು ಬಟ್ಟೆ ಸಾಕು.

ಮೊದಲ ಕವಚಕ್ಕೆ ನಾನು ಹೇಳುವುದು ಇವಿಎ ಫೋಮ್. ಎಥಿಲಿನ್ ವಿನೈಲ್ ಅಸಿಟೇಟ್ ಎಂದು ಪೂರ್ತಿ ಹೆಸರು. ಹಗುರ ಚಪ್ಪಲಿಗಳ ಅಡಿ, ಜಿಮ್ಮಿನ ನೆಲಕ್ಕೆ ಹಾಕುವ ಒಂದಕ್ಕೊಂದು ಸಿಕ್ಕಿಸುವ ಮ್ಯಾಟ್, ಎಲ್ಲ ಇದೇ. ನೀರು ಕುಡಿಯುವುದಿಲ್ಲ, ಚಾಕುವಿನಲ್ಲಿ ಕತ್ತರಿಸಬಹುದು, ಬಿಸಿ ಮಾಡಿದರೆ ಬಾಗುತ್ತದೆ, ತಣಿದ ಮೇಲೆ ಆ ಆಕಾರದಲ್ಲೇ ನಿಲ್ಲುತ್ತದೆ. ಯಾರಿಗಾದರೂ ತಾಗಿದರೂ ಗಾಯ ಆಗುವುದಿಲ್ಲ. ಜನಜಂಗುಳಿಯಲ್ಲಿ ಇದು ಸಣ್ಣ ವಿಷಯ ಅಲ್ಲ.

ತೂಕ ನೋಡಿ. ಘನ ಮೀಟರಿಗೆ 100 ಕೆಜಿ ಸಾಂದ್ರತೆಯ ಇವಿಎ ಆದರೆ, 10 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಹಾಳೆ ಒಂದು ಕೆಜಿ ತೂಗುತ್ತದೆ. ಅದೇ ಅಳತೆಯನ್ನು ಫೈಬರ್ ಗ್ಲಾಸಿನಲ್ಲಿ ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನೂಲಿನ ಮ್ಯಾಟಿನ ಎರಡು ಪದರ ಹಾಕಿ ಮಾಡಿದರೆ, ಅದನ್ನು ಗಟ್ಟಿ ಹಿಡಿಯುವ ರೆಸಿನ್ ಎಂಬ ದ್ರವ ಸೇರಿ ಎರಡೂವರೆ ಕೆಜಿ ದಾಟುತ್ತದೆ. ಸಂಜೆಯ ಹೊತ್ತಿಗೆ ಈ ವ್ಯತ್ಯಾಸ ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಮೂರು ದಪ್ಪ ಸಾಕು. ಎದೆ, ಬೆನ್ನು, ಭುಜಕ್ಕೆ 10 ಮಿ.ಮೀ. ಕೈ, ಕಾಲಿಗೆ 5 ಮಿ.ಮೀ. ಮೇಲಿನ ಗೆರೆ, ಪಟ್ಟಿ, ಗುಂಡಿಗಳಿಗೆ 2 ಮಿ.ಮೀ.; ಇದು ಸ್ಟೇಷನರಿ ಅಂಗಡಿಯಲ್ಲೇ ಕ್ರಾಫ್ಟ್ ಫೋಮ್ ಎಂದು ಸಿಗುತ್ತದೆ. ದಪ್ಪದ್ದಕ್ಕೆ ಆಟದ ಸಾಮಾನಿನ ಅಂಗಡಿ, ಚಪ್ಪಲಿ ಕಚ್ಚಾ ಸಾಮಾನಿನವರು, ಮಂಗಳೂರಿನ ಬಂದರು ಕಡೆಯ ಸಗಟು ಅಂಗಡಿಗಳಲ್ಲಿ ವಿಚಾರಿಸಿ. ಹೊಸ ಮ್ಯಾಟಿಗೆ ಒಂದು ವಾಸನೆ ಇರುತ್ತದೆ. ಬಿಚ್ಚಿ ಮೂರ್ನಾಲ್ಕು ದಿನ ಗಾಳಿಗೆ ಬಿಟ್ಟು ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳಿ.

ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಅಂಗಡಿಯಲ್ಲಿ "ಫೋಮ್" ಎಂದರೆ ಟಿವಿ ಪೆಟ್ಟಿಗೆಯೊಳಗೆ ಇಡುವ ಬಿಳಿ ಇಪಿಇ ಹಾಳೆಯನ್ನೂ ಕೊಡುತ್ತಾರೆ. ಅದು ಪಾಲಿಥಿನ್ ಜಾತಿ. ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಬಣ್ಣ ಸಿಪ್ಪೆ ಏಳುತ್ತದೆ. ಗುರುತು ಸುಲಭ. ಇಪಿಇಯಲ್ಲಿ ಗುಳ್ಳೆಗಳು ಕಣ್ಣಿಗೆ ಕಾಣುವಷ್ಟು ದೊಡ್ಡದು, ಮೇಲ್ಮೈ ಹೊಳೆಯುತ್ತದೆ. ಇವಿಎ ಕತ್ತರಿಸಿದ ಅಂಚು ಮೊಸರಿನ ಕೆನೆಯ ಹಾಗೆ ಒತ್ತಾಗಿ, ಮಂಕಾಗಿ ಇರುತ್ತದೆ. ಉಗುರಿನಿಂದ ಒತ್ತಿ ಬಿಡಿ. ಗುರುತು ಬೇಗ ಮಾಯ ಆದರೆ ಒಳ್ಳೆಯ ಮಾಲು, ಹಾಗೇ ಉಳಿದರೆ ತೀರಾ ಮೆತ್ತಗಿನದು.

ಅಳತೆಯಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಮುಂಗೈಯ ಸುತ್ತಳತೆ 30 ಸೆಂ.ಮೀ. ಎಂದು 30 ಸೆಂ.ಮೀ. ಫೋಮ್ ಕತ್ತರಿಸುತ್ತಾರೆ, ಸುತ್ತಿದರೆ ಅಂಚು ಕೂಡುವುದೇ ಇಲ್ಲ. ದಪ್ಪ ಹಾಳೆ ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಅಳತೆ ನಿಲ್ಲುವುದು ನಡುವಿನ ಪದರದಲ್ಲಿ. ಆದ್ದರಿಂದ ದಪ್ಪವನ್ನು 3.14ರಿಂದ ಗುಣಿಸಿ ಸೇರಿಸಬೇಕು. 10 ಮಿ.ಮೀ. ಫೋಮಿಗೆ 3 ಸೆಂ.ಮೀ. ಚಿಲ್ಲರೆ, 5 ಮಿ.ಮೀ.ಗೆ ಒಂದೂವರೆ. ಅದರ ಮೇಲೆ ಒಳಗಿನ ಬಟ್ಟೆಗೆ, ಬೆವರಿಗೆ, ಉಸಿರಿಗೆ ಇನ್ನೆರಡು ಸೆಂ.ಮೀ. ಎದೆಯ ಅಳತೆ ತೆಗೆಯುವಾಗ ಉಸಿರು ತುಂಬಿಕೊಂಡು ನಿಲ್ಲಿ. ಮೊದಲು ಹಳೆ ಪೇಪರಿನಲ್ಲಿ, ಆಮೇಲೆ ರಟ್ಟಿನಲ್ಲಿ, ಕೊನೆಗೆ ಫೋಮಿನಲ್ಲಿ.

ಚಾಕು ತುಂಬ ಹರಿತ ಇರಬೇಕು. ಫೋಮ್ ಚಾಕುವಿನ ಬಾಯನ್ನು ಬೇಗ ಸವೆಸುತ್ತದೆ. ಕತ್ತರಿಸಿದ ಅಂಚು ಹಲ್ಲು ಹಲ್ಲಾಗಿ ಕಂಡರೆ ಬ್ಲೇಡಿನ ತುದಿ ಮುರಿದು ಹೊಸದು ತೆಗೆಯಿರಿ. ಮೊಂಡು ಚಾಕುವಿಗೆ ಜಾಸ್ತಿ ಬಲ ಹಾಕಿದಾಗಲೇ ಕೈ ಕೊಯ್ದುಕೊಳ್ಳುವುದು.

ಈಗ ಅಂಟಿನ ವಿಷಯ. ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ನನ್ನ ಹತ್ತಿರ ರಿಪೇರಿಗೆ ಬರುವ ಕವಚಗಳಲ್ಲಿ ಹೆಚ್ಚಿನವು ಅಂಟಿನಲ್ಲೇ ಕೈಕೊಟ್ಟಿರುತ್ತವೆ. ಫೋಮಿಗೆ ಬೇಕಾದ್ದು ಪ್ಲೈವುಡ್ಡಿಗೆ ಸನ್ಮೈಕಾ ಹಾಕಲು ಬಡಗಿಗಳು ಬಳಸುವ ಹಳದಿ ರಬ್ಬರ್ ಅಂಟು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಹತ್ತು-ಹದಿನೈದು ನಿಮಿಷ ಬಿಡಬೇಕು. ಬೆರಳ ಹಿಂಬದಿಯಿಂದ ಮುಟ್ಟಿದರೆ ಅಂಟಬಾರದು. ಆಗ ಜೋಡಿಸಿ ಬಲವಾಗಿ ಒತ್ತಿ. ಒಮ್ಮೆ ಕೂಡಿದರೆ ಸರಿಸಲು ಆಗುವುದಿಲ್ಲ. ಅದಕ್ಕೆ ಒಂದು ತುದಿಯಿಂದ ಶುರುಮಾಡಿ, ಹೂ ಕಟ್ಟುವ ಹಾಗೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗಿ.

ಜೂನ್-ಜುಲೈಯಲ್ಲಿ ಇದೇ ಅಂಟು ಕೈಕೊಡುತ್ತದೆ. ಕಾರಣ ಇದೆ. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಪಸೆ ಜಾಸ್ತಿ ಇದ್ದರೆ, ತಣ್ಣನೆಯ ಲೋಟದ ಮೇಲೆ ಕೂರುವ ಹಾಗೆ ನೀರಿನ ಕಣ ಅಂಟಿನ ಮೇಲೆ ಕೂರುತ್ತದೆ. ಅಂಟು ಆರಿದೆ ಅಂತ ನಮಗೆ ಅನಿಸುತ್ತದೆ, ಒತ್ತುತ್ತೇವೆ. ನಡುವೆ ನೀರಿನ ತೆಳು ಪದರ ಉಳಿದಿರುತ್ತದೆ. ಮರುದಿನ ಎಳೆದರೆ ಚಕ್ಕೆಯ ಹಾಗೆ ಬಿಡುತ್ತದೆ. ಉಪಾಯ ಏನೆಂದರೆ, ಅಂಟು ಹಚ್ಚುವ ಮೊದಲೇ ಫೋಮಿನ ಅಂಚನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಹಚ್ಚಿದ ಮೇಲೆ ಬಿಸಿ ತೋರಿಸಬೇಡಿ, ಆ ಆವಿಗೆ ಬೆಂಕಿ ಹಿಡಿಯುತ್ತದೆ. ಮಳೆ ಹೊಯ್ಯುವ ದಿನ ಅಂಟಿನ ಕೆಲಸ ಬಿಟ್ಟು ಕತ್ತರಿಸುವ ಕೆಲಸ ಮಾಡಿ.

ಮಳೆ ಬಂತೆಂದು ಕಿಟಕಿ ಹಾಕಿ ಕೋಣೆಯಲ್ಲಿ ಅಂಟು ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಜಗಲಿಯಲ್ಲಿ ಮಾಡಿ, ಅಡುಗೆ ಒಲೆ, ದೇವರ ದೀಪದಿಂದ ದೂರ. ಧೂಳಿನ ಮಾಸ್ಕ್ ಅಂಟಿನ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಫೋಮ್ ಉಜ್ಜುವಾಗ ಮಾತ್ರ ಎನ್-95 ಸಾಕಾಗುತ್ತದೆ.

ಥರ್ಮಾಕೋಲ್ ಬಗ್ಗೆ ಒಂದೇ ಮಾತು. ಈ ರಬ್ಬರ್ ಅಂಟು ಮತ್ತು ಸ್ಪ್ರೇ ಪೇಂಟ್ ಎರಡೂ ಅದನ್ನು ಕರಗಿಸಿ ಗುಳಿ ಮಾಡುತ್ತವೆ. ಟ್ಯಾಬ್ಲೋ ಮೇಲಿನ ಕಲ್ಲು, ಕಂಬಕ್ಕೆ ಸರಿ, ಮೈಮೇಲೆ ಬೇಡ.

ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ ಚಪ್ಪಟೆ ತುಂಡುಗಳಿಗೆ ಒಳ್ಳೆಯದು. ಬೆನ್ನ ಮೇಲಿನ ಪೆಟ್ಟಿಗೆ, ಆಯುಧದ ಬದಿ, ಅಂಥದ್ದಕ್ಕೆ. ಆದರೆ ಅದು ಪಿವಿಸಿ ಪ್ಲಾಸ್ಟಿಕ್. ಜಾಸ್ತಿ ಸುಟ್ಟರೆ ಗಂಟಲು ಕೊರೆಯುವ ಹೊಗೆ ಬರುತ್ತದೆ, ಬಿದ್ದರೆ ಅಂಚು ಒಡೆಯುತ್ತದೆ.

ಮಲ್ಪೆಯಲ್ಲಿ ದೋಣಿ ಮಾಡುವವರನ್ನು ನೋಡಿ ಫೈಬರ್ ಮಾಡುತ್ತೇವೆ ಎನ್ನುವ ಹುಡುಗರು ಪ್ರತಿ ವರ್ಷ ಬರುತ್ತಾರೆ. ಆ ಕೆಲಸದ ಮೇಲೆ ನನಗೆ ದೊಡ್ಡ ಗೌರವ ಇದೆ. ಆದರೆ ರೆಸಿನ್ನಿನ ಸ್ಟೈರೀನ್ ವಾಸನೆ, ಗಟ್ಟಿ ಮಾಡಲು ಹಾಕುವ ರಾಸಾಯನಿಕ ಕಣ್ಣಿಗೆ ಹಾರಿದರೆ ಆಗುವ ಅನಾಹುತ, ಉಜ್ಜುವಾಗ ಚರ್ಮಕ್ಕೆ ಚುಚ್ಚುವ ಗಾಜಿನ ನೂಲು, ಇವೆಲ್ಲ ಕಲಿತವರ ಪಕ್ಕದಲ್ಲಿ ನಿಂತು ಕಲಿಯುವ ಸಂಗತಿ. ಮೊದಲ ಕವಚಕ್ಕೆ ಅಲ್ಲ.

ತ್ರೀಡಿ ಪ್ರಿಂಟ್ ಈಗ ಎಲ್ಲರ ಬಾಯಲ್ಲಿ. ಸಣ್ಣ ಸಣ್ಣ ವಿವರಗಳಿಗೆ ನಾನೂ ಬಳಸುತ್ತೇನೆ. ಅದಕ್ಕೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಒಬ್ಬ ಹುಡುಗ ಏಪ್ರಿಲಿನಲ್ಲಿ ಪಣಂಬೂರು ಬೀಚಿನ ಹತ್ತಿರ ಕಾರು ನಿಲ್ಲಿಸಿ, ಪ್ರಿಂಟ್ ಮಾಡಿದ ಭುಜದ ತುಂಡನ್ನು ಹಿಂದಿನ ಗಾಜಿನ ಕೆಳಗೆ ಇಟ್ಟಿದ್ದ. ಎರಡು ಗಂಟೆ ಬಿಟ್ಟು ಬಂದರೆ ಅದು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಇವಿಎಯನ್ನೂ ಮುಚ್ಚಿದ ಕಾರಿನಲ್ಲಿ ಬಿಡಬಾರದು. ಆದರೆ ಅದನ್ನು ಮತ್ತೆ ಬಿಸಿ ಮಾಡಿ ತಿದ್ದಬಹುದು.

ಬಣ್ಣಕ್ಕೆ ಮೊದಲು ಬಿಸಿ ಗಾಳಿ ಊದುವ ಹೀಟ್ ಗನ್ ಓಡಿಸಿ. ಫೋಮಿನ ಮೇಲ್ಮೈ ಮಂಕಿನಿಂದ ಸಣ್ಣ ಹೊಳಪಿಗೆ ತಿರುಗುತ್ತದೆ, ರಂಧ್ರ ಮುಚ್ಚಿದೆ ಎಂದು ಅರ್ಥ. ಹೊಳಪು ಬಂದ ಕೂಡಲೇ ಮುಂದಕ್ಕೆ ಸರಿಸಿ. ಮನೆಯ ಕೂದಲಿನ ಡ್ರೈಯರ್ ಇದಕ್ಕೆ ಸಾಲುವುದಿಲ್ಲ. ಆಮೇಲೆ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಮೂರ್ನಾಲ್ಕು ಕೈ ಹಚ್ಚಿ. ಅದರ ಮೇಲೆ ಅಕ್ರಿಲಿಕ್, ಹೊರಗೋಡೆಗೆ ಬಳಿಯುವ ಎಮಲ್ಷನ್ ಆದರೂ ಆದೀತು. ಗೇಟಿಗೆ ಹೊಡೆಯುವ ಇನಾಮಲ್ ಬೇಡ, ಫೋಮ್ ಬಾಗಿದಾಗ ಅದು ಬಿರುಕು ಬಿಡುತ್ತದೆ. ಬೆಳ್ಳಿ ಬಣ್ಣದ ಕೆಳಗೆ ಕಪ್ಪು ಹಾಕಿ ನೋಡಿ. ಒಣ ಬ್ರಷ್ಷಿನಲ್ಲಿ ಅಂಚಿಗೆ ಮಾತ್ರ ಬೆಳ್ಳಿ ಉಜ್ಜಿದರೆ, ಹತ್ತು ಅಡಿ ದೂರದಿಂದ ನೋಡುವವರು ಕಬ್ಬಿಣ ಎಂದೇ ನಂಬುತ್ತಾರೆ.

ಕಟ್ಟುವ ಪಟ್ಟಿಗೆ ಬ್ಯಾಗ್ ರಿಪೇರಿ ಅಂಗಡಿಯ ನೈಲಾನ್ ಪಟ್ಟಿ ಮತ್ತು ಪ್ಲಾಸ್ಟಿಕ್ ಕ್ಲಿಪ್ ತೆಗೆದುಕೊಳ್ಳಿ. ಕಬ್ಬಿಣದ ಬಕಲ್ ನಮ್ಮ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅಂಟಿನ ವೆಲ್ಕ್ರೋ ಬೆವರಿಗೆ ಬಿಡುತ್ತದೆ, ಹೊಲಿದದ್ದು ನಿಲ್ಲುತ್ತದೆ. ಬಿಚ್ಚಲು ಇನ್ನೊಬ್ಬರ ಸಹಾಯ ಬೇಕಾಗದ ಹಾಗೆ ಕನಿಷ್ಠ ಹೆಲ್ಮೆಟ್ ಮತ್ತು ಎದೆಯ ಕ್ಲಿಪ್ ನಿಮ್ಮ ಕೈಗೆ ಎಟಕಬೇಕು.

ಏಕೆಂದರೆ ಸೆಖೆ ನಿಜವಾದ ಅಪಾಯ. ಫೋಮ್ ಶಾಖವನ್ನು ಹೊರಗೆ ಬಿಡುವುದಿಲ್ಲ, ನಮ್ಮ ಗಾಳಿಯಲ್ಲಿ ಬೆವರು ಆರುವುದಿಲ್ಲ. ಒಳಗೆ ತೆಳು ಹತ್ತಿ ಬಟ್ಟೆ ಹಾಕಿ. ಕಂಕುಳಿನ ಬದಿ, ಬೆನ್ನಿನ ಕೆಳಗೆ ಗಾಳಿಗೆ ಸಂದು ಬಿಡಿ. ಹೆಲ್ಮೆಟ್ಟಿನಲ್ಲಿ 5 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಕೂರಿಸಿ ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ತುಂಬ ಆರಾಮ. ಪಟಾಕಿ, ಆರತಿಯ ಹತ್ತಿರ ಹೋಗಲೇಬೇಡಿ. ಇವಿಎಗೆ ಬೆಂಕಿ ಹಿಡಿದರೆ ಕರಗಿ ತೊಟ್ಟಿಕ್ಕುತ್ತದೆ.

ಇಡೀ ಕವಚಕ್ಕೆ ಒಮ್ಮೆಲೇ ಕೈ ಹಾಕಬೇಡಿ. ಒಂದು ಕೈಕಟ್ಟು ಮಾಡಿ, ಬಣ್ಣ ಹಾಕಿ, ಕಟ್ಟಿಕೊಂಡು ಒಂದು ದಿನ ಮನೆಕೆಲಸ ಮಾಡಿ. ಎಲ್ಲಿ ಉಜ್ಜುತ್ತದೆ, ಎಲ್ಲಿ ಬಿಡುತ್ತದೆ ಎಂದು ಅದೇ ಹೇಳುತ್ತದೆ. ಆಮೇಲೆ ಭುಜ, ಆಮೇಲೆ ಎದೆ-ಬೆನ್ನು. ಹೆಲ್ಮೆಟ್ ಕೊನೆಗೆ. ಅಷ್ಟಮಿಗೆ ಬೇಕಿದ್ದರೆ ಅಂಟಿನ ಕೆಲಸ ಮೇ ಮುಗಿಯುವುದರೊಳಗೆ ಮುಗಿಸಿ, ಬಣ್ಣ ಮತ್ತು ಹೊಲಿಗೆಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಹಾಕಿ ಮುಗಿದ ಮೇಲೆ ಒಳಮೈಯನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ. ಒಳಗೆ ಹಳೆ ಪೇಪರ್ ತುರುಕಿ, ಒಂದರ ಮೇಲೊಂದು ಹೇರದೆ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ಇಡಿ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಮಂಚದ ಅಡಿಯೇ ಒಳ್ಳೆಯ ಜಾಗ.