ಮಾತು ಕೇಳಿಸಲ್ಲ, ಮ್ಯೂಸಿಕ್ ಮಾತ್ರ ಜೋರು

"ಮಾತು ಕೇಳ್ಸಲ್ಲ ಅಂತ ಸೌಂಡ್ ಜಾಸ್ತಿ ಮಾಡಿದ್ರೆ, ಫೈಟ್ ಬಂದ ತಕ್ಷಣ ಮಗು ಎದ್ದುಬಿಡುತ್ತೆ ಸಾರ್." ಮನೆಗಳಲ್ಲಿ ಹೋಮ್ ಥಿಯೇಟರ್ ಕೂರಿಸುವ ನನಗೆ ಇಷ್ಟು ಸಲ ಬರುವ ದೂರು ಇನ್ನೊಂದಿಲ್ಲ. ಟಿವಿ ಕೆಟ್ಟಿದೆ ಅಂತಲೋ, ತಮ್ಮ ಕಿವಿಯೇ ಮಂದವಾಗಿದೆ ಅಂತಲೋ ಜನ ಸುಮ್ನೆ ಹೆದರುತ್ತಾರೆ. ಎಷ್ಟೋ ಸಲ ಎರಡೂ ಸರಿಯಾಗಿಯೇ ಇರುತ್ತವೆ. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಮ್ಯೂಸಿಕ್ಕೂ ಏರುತ್ತದೆ. ನಮಗೆ ಬೇಕಿರುವುದು ಮಾತನ್ನು ಮಾತ್ರ ಎತ್ತುವ ದಾರಿ.

ಸಿನಿಮಾ ಮಿಕ್ಸ್ ಆಗುವುದು, ಅಂದರೆ ಮಾತು, ಮ್ಯೂಸಿಕ್, ಸದ್ದು ಎಲ್ಲವನ್ನೂ ಅಳತೆ ನೋಡಿ ಬೆರೆಸುವುದು, ನಿಶ್ಶಬ್ದವಾದ ಕೋಣೆಯಲ್ಲಿ. ಅಲ್ಲಿ ಸದ್ದಿನ ಗರಿಷ್ಠ ಮಟ್ಟವನ್ನು ಸೊನ್ನೆ ಅಂತ ಹಿಡಿದು, ಅದಕ್ಕಿಂತ ಎಷ್ಟು ಕೆಳಗೆ ಅನ್ನುವುದನ್ನು ಮೈನಸ್‌ನಲ್ಲಿ ಹೇಳುತ್ತಾರೆ. ನೆಟ್‌ಫ್ಲಿಕ್ಸ್ ತನಗೆ ಬರುವ ಮಿಕ್ಸ್‌ಗಳಲ್ಲಿ ಮಾತಿನ ಸರಾಸರಿ ಮಟ್ಟ ಮೈನಸ್ 27ರ ಆಸುಪಾಸು ಇರಬೇಕು, ಅತಿ ಜೋರಿನ ಸದ್ದು ಮೈನಸ್ 2 ಡೆಸಿಬಲ್ ದಾಟಬಾರದು ಎನ್ನುತ್ತದೆ. ಅಂದರೆ ಮಾತಿಗೂ ಸ್ಫೋಟಕ್ಕೂ ನಡುವೆ ಸುಮಾರು 25 ಡೆಸಿಬಲ್ ಅಂತರ ಇರಬಹುದು. 10 ಡೆಸಿಬಲ್ ಏರಿದರೇ ಕಿವಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಜೋರು ಅನ್ನಿಸುತ್ತದೆ. ನಮ್ಮ ಹಾಲ್‌ನಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಪಿಸುಮಾತು ಅದರಲ್ಲೇ ಮುಳುಗಿಹೋಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. 5.1 ಸೌಂಡ್‌ನಲ್ಲಿ, ಅಂದರೆ ಐದು ಸ್ಪೀಕರ್ ಜೊತೆಗೆ ಬೇಸ್‌ಗೆಂದೇ (ಗುಂ ಅನ್ನುವ ಸದ್ದಿಗೆ) ಒಂದು ಸಬ್‌ವೂಫರ್ ಇರುವ ಸೆಟ್‌ನಲ್ಲಿ, ಮಾತು ಬಹುಪಾಲು ನಡುವಿನ ಸ್ಪೀಕರ್‌ನಿಂದಲೇ ಬರುತ್ತದೆ. ನಾವು ಅದನ್ನು ಸೆಂಟರ್ ಅನ್ನುತ್ತೇವೆ. ಮ್ಯೂಸಿಕ್ ಎಡಬಲದಲ್ಲಿ ಹರಡಿಕೊಂಡಿರುತ್ತದೆ. ಟಿವಿಯಲ್ಲಿ ಇರುವುದು ಎರಡೇ ಸ್ಪೀಕರ್ ಆದರೆ, ಸಾಮಾನ್ಯವಾಗಿ ಸೆಂಟರ್‌ನ ಮಾತನ್ನು 3 ಡೆಸಿಬಲ್ ತಗ್ಗಿಸಿ ಎರಡಕ್ಕೂ ಹಂಚಲಾಗುತ್ತದೆ. ಅವೇ ಸ್ಪೀಕರ್‌ಗಳಿಗೆ ಮ್ಯೂಸಿಕ್, ಮಳೆ, ಹಿಂದಿನ ಸ್ಪೀಕರ್‌ಗಳ ಸದ್ದು ಎಲ್ಲವೂ ಬಂದು ಸೇರುತ್ತವೆ. ಸಾಲದ್ದಕ್ಕೆ ಈಗಿನ ತೆಳು ಟಿವಿಗಳ ಸ್ಪೀಕರ್ ನೆಲಕ್ಕೋ ಗೋಡೆಗೋ ಮುಖ ಮಾಡಿರುತ್ತವೆ.

ಹಾಗಾಗಿ ಮೊದಲು ಆ್ಯಪ್‌ನ ಆಡಿಯೊ ಮೆನು ತೆಗೆದು ನೋಡಿ. 5.1 ಅಂತ ಇದ್ದು, ನಿಮ್ಮಲ್ಲಿ ಎರಡೇ ಸ್ಪೀಕರ್ ಇದ್ದರೆ, ಅದೇ ಭಾಷೆಯ ಸ್ಟೀರಿಯೊ ಟ್ರ್ಯಾಕ್ (ಎರಡು ಸ್ಪೀಕರ್‌ಗೆಂದೇ ಮಾಡಿದ್ದು) ಇದೆಯಾ ನೋಡಿ, ಅದನ್ನು ಆರಿಸಿ. ಎಷ್ಟೋ ಮನೆಗಳಲ್ಲಿ ಇದೊಂದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಪೂರ್ತಿ 5.1 ಸೆಟ್ ಇದ್ದೂ ಮಾತು ಕೇಳಿಸದ ಮನೆಗಳಿವೆ. ಒಂದು ಮನೆಯಲ್ಲಿ ಸೆಂಟರ್ ಸ್ಪೀಕರನ್ನು ಶೋಕೇಸ್‌ನ ಒಳಗೆ, ಹಿಂದಿನ ಹಲಗೆಗೆ ತಾಗಿಸಿ ಇಟ್ಟಿದ್ದರು. ಅದರ ಮುಂದೆ ಗಾಜಿನ ಬಾಗಿಲು. ಪಕ್ಕದಲ್ಲಿ ಗೆದ್ದ ಕಪ್, ಟ್ರೋಫಿ. ಆ ಮನೆಯ ಅಜ್ಜಿ ವಾರ್ತೆಯನ್ನೂ ಓದಿಕೊಂಡೇ ನೋಡುತ್ತಿದ್ದರು. ಸ್ಪೀಕರನ್ನು ಶೋಕೇಸ್‌ನ ಅಂಚಿಗೆ ಎಳೆದು, ಕೆಳಗೆ ಒಂದು ರಬ್ಬರ್ ಬಿಲ್ಲೆ ಕೊಟ್ಟು ಅದರ ಮುಖವನ್ನು ಸೋಫಾ ಕಡೆ ಸ್ವಲ್ಪ ಎತ್ತಿದೆ. ಆಮೇಲೆ ಸ್ಪೀಕರ್‌ಗಳಿಗೆಲ್ಲ ಸೌಂಡ್ ಹಂಚುವ ರಿಸೀವರ್‌ ಪೆಟ್ಟಿಗೆಯಲ್ಲಿ ಸೆಂಟರ್ ಒಂದನ್ನೇ 3 ಡೆಸಿಬಲ್ ಏರಿಸಿ, ಸಬ್‌ವೂಫರ್ ತಗ್ಗಿಸಿದೆ. "ಈಗ ಬಾಯಿಂದ ಮಾತು ಬರ್ತಾ ಇದೆ ನೋಡು" ಅಂದರು ಅಜ್ಜಿ.

ಸಬ್‌ವೂಫರ್ ತಗ್ಗಿಸಿದ್ದಕ್ಕೆ ಕಾರಣ ಇದೆ. ಕಾಲು, ಹಾಲು, ಸಾಲು, ಪಾಲು: ಈ ನಾಲ್ಕರಲ್ಲಿ ಬೇರೆಯಾಗುವುದು ಮೊದಲ ವ್ಯಂಜನ ಮಾತ್ರ. ವ್ಯಂಜನಗಳನ್ನು ಗುರುತಿಸಲು ಬೇಕಾದ ಸದ್ದು ಹೆಚ್ಚಾಗಿ 2,000 ಹರ್ಟ್ಜ್‌ಗಿಂತ ಮೇಲಿರುತ್ತದೆ, ಅದರ ಶಕ್ತಿಯೂ ಕಮ್ಮಿ. ಜೋರಾದ ಬೇಸ್ ಅದನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ವಯಸ್ಸಾದಂತೆ ಕಿವಿಗೆ ಮೊದಲು ಕಮ್ಮಿಯಾಗುವುದೂ ಇದೇ ಮೇಲಿನ ಸದ್ದು. ಮನೆಯಲ್ಲಿ ಹಿರಿಯರಿದ್ದರೆ ಬೇಸ್ ಇಳಿಸಿ, ಟ್ರೆಬಲ್, ಅಂದರೆ ಈ ಮೇಲಿನ ಸದ್ದನ್ನು, ಒಂದೆರಡು ಹೆಜ್ಜೆ ಏರಿಸಿ. ಅವರ ಮುಖ ನೋಡಿಯೇ ನಿಮಗೆ ಗೊತ್ತಾಗುತ್ತದೆ.

ಟಿವಿಯ ಸೌಂಡ್ ಮೆನುವಿನಲ್ಲಿ ಕ್ಲಿಯರ್ ವಾಯ್ಸ್ ತರಹದ ಆಯ್ಕೆ ಇದ್ದರೆ ಹಾಕಿ. ಮೂವಿ ಮೋಡ್ ಅಂತ ಇದ್ದರೆ ಸಿನಿಮಾಗೆ ಅದೇ ಸರಿ ಅಂದುಕೊಳ್ಳಬೇಡಿ. ಕೆಲವು ಟಿವಿಗಳಲ್ಲಿ ಅದು ಬೇಸನ್ನೇ ಏರಿಸುತ್ತದೆ. ರಾತ್ರಿ ಹೊತ್ತಿಗೆ ನೈಟ್ ಮೋಡ್ ಒಳ್ಳೆಯದು. ಅದು ಜೋರನ್ನು ತಗ್ಗಿಸಿ, ಮೆಲ್ಲಗಿನದನ್ನು ಎತ್ತಿ, ಎರಡನ್ನೂ ಹತ್ತಿರ ತರುತ್ತದೆ. ಸೌಂಡ್‌ನ ಮಜಾ ಸ್ವಲ್ಪ ಹೋಗುತ್ತದೆ ನಿಜ. ಆದರೆ ಕಥೆ ಅರ್ಥವಾಗುವುದು ಮುಖ್ಯ ಅಲ್ವಾ? 2023ರಲ್ಲಿ ಪ್ರೈಮ್ ವಿಡಿಯೊ ಮಾತನ್ನು ಎತ್ತಿ ಕೊಡುವ ಡೈಲಾಗ್ ಬೂಸ್ಟ್ ಎಂಬ ಆಯ್ಕೆ ತಂದಿತು, ಕೆಲವು ಸಿನಿಮಾ, ಸೀರೀಸ್‌ಗಳಲ್ಲಿ ಮಾತ್ರ ಸಿಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೋಡುವವರು ವಿಎಲ್‌ಸಿ ಪ್ಲೇಯರ್‌ನ ಕಂಪ್ರೆಸರ್ ಬಳಸಬಹುದು, ಅದೂ ನೈಟ್ ಮೋಡ್ ತರಹವೇ ಜೋರು, ಮೆಲ್ಲಗಿನದನ್ನು ಹತ್ತಿರ ತರುತ್ತದೆ.

ವಿಟ್ರಿಫೈಡ್ ಟೈಲ್ಸ್, ಬರಿ ಗೋಡೆ, ದೊಡ್ಡ ಕಿಟಕಿ ಇರುವ ಹಾಲ್‌ನಲ್ಲಿ ಮಾತು ಗುಂಯ್‌ಗುಟ್ಟುತ್ತದೆ. ದಪ್ಪ ಪರದೆ ಎಳೆದು, ಸೋಫಾ ಮುಂದೆ ಒಂದು ಜಮಖಾನೆ ಹಾಸಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಸೌಂಡ್‌ಬಾರ್ (ಟಿವಿ ಕೆಳಗೆ ಇಡುವ ಉದ್ದನೆ ಸ್ಪೀಕರ್) ಬೇಕೇಬೇಕು ಅನ್ನಿಸಿದರೆ, ವ್ಯಾಟ್ ಎಷ್ಟು ಅಂತ ಕೇಳುವ ಮೊದಲು ಸೆಂಟರ್ ಚಾನೆಲ್ ಇದೆಯಾ ಕೇಳಿ. 2.1 ಅಂದರೆ ಬೇರೆ ಸೆಂಟರ್ ಇಲ್ಲ ಅಂತ, 3.1 ಅಂದರೆ ಇದೆ ಅಂತ. ಅಂಗಡಿಯಲ್ಲಿ ಹಾಡು ಹಾಕಿ ತೋರಿಸುತ್ತಾರೆ. ಮ್ಯೂಸಿಕ್ ನಡುವೆ ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹಾಕಿಸಿ ಕೇಳಿ.