ಮ್ಯಾಪ್ ಲೀಕ್ ಆದರೆ ಸುತ್ತ ದೊಡ್ಡ ಡಬ್ಬ ಕಟ್ಟಿದರೆ ಸಾಕಾ?

ಪ್ರಶ್ನೆ: ಟ್ರೆಂಚ್‌ಬ್ರೂಮ್ ಅನ್ನೋ ಮ್ಯಾಪ್ ಎಡಿಟರ್‌ನಲ್ಲಿ ಕ್ವೇಕ್ ಆಟಕ್ಕೆ ಮ್ಯಾಪ್ ಮಾಡ್ತಿದ್ದೀನಿ. ಕಂಪೈಲ್ ಮಾಡಿದಾಗ ಲೀಕ್ ಅಂತ ಬರುತ್ತೆ. ಇಡೀ ಮ್ಯಾಪ್ ಸುತ್ತ ಸ್ಕೈ ಟೆಕ್ಸ್ಚರಿನ ದೊಡ್ಡ ಡಬ್ಬ ಕಟ್ಟಿದರೆ ಸರಿಹೋಗುತ್ತಂತೆ, ಹೌದಾ?

ಉತ್ತರ: ಇಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಈ ಸಲ ಸುಮ್ನೆ ‘ಬೇಡ’ ಅನ್ನದೆ ಯಾಕೆ ಬೇಡ ಅಂತಲೂ ಹೇಳಿಬಿಡುತ್ತೇನೆ.

ಡಬ್ಬ ಕಟ್ಟಿದರೆ ಎರರ್ ಹೋಗುವುದು ನಿಜ. ಅದಕ್ಕೇ ಈ ನಂಬಿಕೆ ಸಾಯುತ್ತಿಲ್ಲ. ಆದರೆ ಮ್ಯಾಪನ್ನು ಕಂಪೈಲ್ ಮಾಡುವ ಕ್ಯೂಬಿಎಸ್‌ಪಿ ಅನ್ನುವ ಪ್ರೋಗ್ರಾಂ ಏನು ಮಾಡುತ್ತದೆ ನೋಡಿ. ಮ್ಯಾಪಿನ ಹೊರಗಿನ ಖಾಲಿಯಿಂದ ನೀರು ಬಿಟ್ಟಂತೆ ತುಂಬುತ್ತಾ ಬರುತ್ತದೆ. ಆ ನೀರು ಒಂದು ಎಂಟಿಟಿಯನ್ನು (ದೀಪ, ಶತ್ರು, ಆಟಗಾರ ಶುರುವಾಗುವ ಜಾಗದಂಥದ್ದು) ಮುಟ್ಟಿದರೂ ಸಾಕು, ಲೀಕ್. ಮುಟ್ಟದಿದ್ದರೆ, ನೀರು ತಾಗಿದ ಗೋಡೆಮುಖಗಳನ್ನೆಲ್ಲ ಕಿತ್ತು ಬಿಸಾಡುತ್ತದೆ. ಆಟಗಾರನಿಗೆ ಅವು ಕಾಣುವುದೇ ಇಲ್ಲ, ಅಲ್ವಾ?

ಈಗ ನಿಮ್ಮ ಡಬ್ಬ. ನೀರು ಅದರ ಗೋಡೆಗೇ ನಿಂತಿತು. ಒಳಗಿನ ಕೋಣೆಗಳ ಹೊರಮೈ, ಚಾವಣಿಯ ಮೇಲ್ಭಾಗ, ನೆಲದ ಅಡಿ, ಎಲ್ಲ ಹಾಗೇ ಉಳಿಯಿತು. ಯಾರೂ ನೋಡದ ಆ ಮುಖಗಳಿಗೂ ಲೈಟ್‌ಮ್ಯಾಪ್ (ಬೆಳಕು-ನೆರಳಿನ ಚಿತ್ರ) ತಯಾರಾಗುತ್ತದೆ. ಕೋಣೆಗಳಿಗೂ ಡಬ್ಬಕ್ಕೂ ನಡುವಿನ ಜಾಗ ಚೂರು ಚೂರಾಗಿ, ಯಾವ ಚೂರಿಂದ ಯಾವ ಚೂರು ಕಾಣುತ್ತದೆ ಅಂತ ವಿಸ್ ಅನ್ನುವ ಇನ್ನೊಂದು ಪ್ರೋಗ್ರಾಂ ಲೆಕ್ಕ ಹಾಕುತ್ತಾ ಕೂರುತ್ತದೆ. ನನ್ನ ಮೊದಲ ಮ್ಯಾಪಿನಲ್ಲಿ ನಾನೂ ಇದೇ ಮಾಡಿ, ವಿಸ್ ಓಡಲು ಬಿಟ್ಟು ಮಲಗಿದ್ದೆ. ಬೆಳಿಗ್ಗೆಯೂ ಮುಗಿದಿರಲಿಲ್ಲ. ಇಷ್ಟೆಲ್ಲ ಆಗಿಯೂ ತೂತು ಇದ್ದಲ್ಲೇ ಇರುತ್ತದೆ!

ಲೀಕನ್ನು ಹಾಗೇ ಬಿಟ್ಟರೂ ಆಗದು. ಆಗ ವಿಸ್‌ಗೆ ಬೇಕಾದ ಪೋರ್ಟಲ್ ಫೈಲೇ ಸಿಗುವುದಿಲ್ಲ, ಎಂಜಿನ್ ಇಡೀ ಮ್ಯಾಪನ್ನು ಒಟ್ಟಿಗೆ ಬಿಡಿಸಲು ಹೋಗುತ್ತದೆ.

ಸರಿಯಾದ ದಾರಿ ಎರಡು ನಿಮಿಷದ್ದು. ಲೀಕ್ ಆದಾಗ ಕ್ಯೂಬಿಎಸ್‌ಪಿ ಒಂದು ಪಾಯಿಂಟ್ ಫೈಲ್ ಬರೆದಿಡುತ್ತದೆ. ಟ್ರೆಂಚ್‌ಬ್ರೂಮಿನ ಫೈಲ್ ಮೆನುವಿನಿಂದ ಅದನ್ನು ಲೋಡ್ ಮಾಡಿ. ಎಂಟಿಟಿಗೂ ಹೊರಗಿಗೂ ನಡುವೆ ಒಂದು ಗೆರೆ ಕಾಣುತ್ತದೆ. ಅದು ಗೋಡೆ ದಾಟುವ ಜಾಗವೇ ತೂತು. ಅಲ್ಲಿ ತೂತು ಕಾಣದೆ ಗೆರೆ ಬಾಗಿಲಿನ ಮೂಲಕ ಹೋಗಿದೆಯಾ? ಫಂಕ್ ಡೋರ್, ಫಂಕ್ ವಾಲ್, ಫಂಕ್ ಡೀಟೇಲ್‌ನಂಥ ಎಂಟಿಟಿಗಳು ಯಾವುವೂ ನೀರು ತಡೆಯುವುದಿಲ್ಲ. ಅವುಗಳ ಹಿಂದೆ ಸಾದಾ ಬ್ರಷ್ (ಮ್ಯಾಪ್ ಕಟ್ಟುವ ಘನ ತುಂಡು) ಇರಬೇಕು. ಕೆಲವು ಸಲ ತೂತೇ ಇರುವುದಿಲ್ಲ, ಹೊರಗೆಲ್ಲೋ ಒಂದು ಲೈಟ್ ಎಂಟಿಟಿ ಮರೆತು ಬಿದ್ದಿರುತ್ತದೆ. ಹಾಫ್-ಲೈಫ್‌ನ ಎಂಜಿನ್ನೂ ಕ್ವೇಕ್‌ನಿಂದಲೇ ಬಂದದ್ದು, ಹಾಗಾಗಿ ಅದರ ಮ್ಯಾಪ್ ಎಡಿಟರ್ ಹ್ಯಾಮರ್ ಬಳಸುವವರಿಗೂ ಇದೇ ಪಾಡು.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಎಡಿಟರಿನಲ್ಲಿ ಸರಿಯಾಗಿ ಕೂತಂತೆ ಕಾಣುವ ಎರಡು ಬ್ರಷ್‌ಗಳ ನಡುವೆ ಸಂದು ಎಲ್ಲಿಂದ ಬರುತ್ತದೆ? ಮ್ಯಾಪ್ ಫೈಲಿನಲ್ಲಿ ಬ್ರಷ್‌ನ ಮೂಲೆಗಳನ್ನು ಬರೆದೇ ಇರುವುದಿಲ್ಲ. ಒಂದೊಂದು ಮುಖಕ್ಕೆ ಒಂದು ಸಾಲು, ಅದರಲ್ಲಿ ಆ ಸಮತಲದ ಮೂರು ಬಿಂದುಗಳು, ಜೊತೆಗೆ ಟೆಕ್ಸ್ಚರ್ ವಿವರ. ಸಮತಲಗಳು ಸಂಧಿಸುವ ಕಡೆ ಮೂಲೆ ಅಂತ ಕಂಪೈಲರ್ ಲೆಕ್ಕ ಹಾಕಿಕೊಳ್ಳುತ್ತದೆ. ಬ್ರಷ್ಷನ್ನು ಓರೆಯಾಗಿ ತಿರುಗಿಸಿದರೆ ಮೂಲೆ ಗ್ರಿಡ್ ಬಿಟ್ಟು ದಶಮಾಂಶಕ್ಕೆ ಜಾರುತ್ತದೆ, ಪಕ್ಕದ ಬ್ರಷ್‌ಗೆ ಕೂದಲೆಳೆಯಷ್ಟು ತಾಗದೆ ಉಳಿಯಬಹುದು. ಅದು ಬರೀ ಟೆಕ್ಸ್ಟ್ ಫೈಲ್. ಒಂದು ಚೌಕ ಬ್ರಷ್ ಇಟ್ಟು ಸೇವ್ ಮಾಡಿ, ನೋಟ್‌ಪ್ಯಾಡಿನಲ್ಲಿ ತೆರೆಯಿರಿ: ಅದಕ್ಕೆ ಆರು ಸಾಲು, ಎಲ್ಲ ಪೂರ್ಣ ಸಂಖ್ಯೆ. 30 ಡಿಗ್ರಿ ತಿರುಗಿಸಿ ಮತ್ತೆ ಸೇವ್ ಮಾಡಿ, ಅದೇ ಆರು ಸಾಲುಗಳನ್ನು ಈಗ ಓದಿ ನೋಡಿ.