ಡ್ರೈಸೂಟ್‌ಗೆ ಗಾಳಿ ನಿಲ್ಲದೆ ನುಗ್ಗಿದರೆ ಕೈ ಮೊದಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನೇತ್ರಾಣಿಯಲ್ಲಿ ಡೈವಿಂಗ್ ಕಲಿತೆ. ಈಗ ಐಸ್‌ಲ್ಯಾಂಡ್‌ಗೆ ಹೋಗಿ ಸಿಲ್ಫ್ರಾ ಅನ್ನುವ ತಣ್ಣೀರಿನ ಬಿರುಕಿನಲ್ಲಿ ಇಳಿಯಬೇಕು ಅಂತ ಆಸೆ. ಅದಕ್ಕಾಗಿ ಡ್ರೈಸೂಟ್ (ಮೈಗೆ ನೀರು ತಾಗದಂತೆ ಒಳಗೆ ಗಾಳಿ ತುಂಬಿಕೊಳ್ಳುವ ಸೂಟ್) ಕೋರ್ಸ್‌ಗೆ ಸೇರುತ್ತಿದ್ದೇನೆ. ಸೂಟಿಗೆ ಗಾಳಿ ತುಂಬುವ ಬಟನ್ ಒತ್ತಿದಾಗ ಅದು ಅಲ್ಲೇ ಸಿಕ್ಕಿಕೊಂಡರೆ ಏನು ಮಾಡಬೇಕು? ಮೊದಲು ಗಾಳಿ ಬಿಡಬೇಕಾ, ಪೈಪ್ ಕಳಚಬೇಕಾ?

ಉತ್ತರ: ಎರಡೂ ಒಟ್ಟಿಗೇ. ಎಡ ಮೊಣಕೈ ಮೇಲೆತ್ತಿ, ಬಲಗೈಯಲ್ಲಿ, ಸಿಲಿಂಡರ್‌ನಿಂದ ಎದೆಯ ಮೇಲಿನ ವಾಲ್ವ್‌ಗೆ ಬರುವ ಪೈಪ್ ಕಳಚಬೇಕು. ಗಾಳಿ ಬಿಡುವ ವಾಲ್ವ್ ಎಡ ತೋಳಿನ ಮೇಲಿರುತ್ತದೆ. ಅದನ್ನು ಡೈವ್ ಪೂರ್ತಿ ತೆರೆದೇ ಇಟ್ಟಿದ್ದರೆ ತೋಳು ಎತ್ತಿದ ಕೂಡಲೇ ಗಾಳಿ ಹೊರಗೆ ಹೋಗಲು ಶುರುವಾಗುತ್ತದೆ, ಬಲಗೈಗೆ ಪೈಪ್ ಒಂದೇ ಕೆಲಸ. ವಾಲ್ವ್ ಮುಚ್ಚಿಟ್ಟಿದ್ದರೆ ಅದನ್ನು ತಿರುಗಿಸಲೂ ಬಲಗೈಯೇ ಬೇಕು. ಆಗ ಪೈಪ್ ಮೊದಲು. ಗಾಳಿ ಬರುವುದನ್ನು ನಿಲ್ಲಿಸದೆ ಬರೀ ಹೊರಗೆ ಬಿಡುತ್ತಾ ಕೂತರೆ ಸಿಲಿಂಡರ್ ಖಾಲಿಯಾಗುತ್ತದೆ ಅಷ್ಟೇ.

ಪೈಪ್ ಕಳಚುವುದು ಹೇಳಿದಷ್ಟು ಸುಲಭವಲ್ಲ. ತುದಿಯಲ್ಲಿ ಜಾರುವ ಒಂದು ಲೋಹದ ಬಳೆ ಇರುತ್ತದೆ. ಪೈಪನ್ನೇ ಹಿಡಿದು ಎಳೆದರೆ ಏನೂ ಆಗುವುದಿಲ್ಲ. ಮೊದಲು ಪೈಪನ್ನು ವಾಲ್ವ್ ಕಡೆಗೆ ಸ್ವಲ್ಪ ಒತ್ತಬೇಕು, ಆಮೇಲೆ ಬಳೆಯನ್ನು ಹಿಂದಕ್ಕೆ ಸರಿಸಬೇಕು. ಆಗ ಬಿಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ಬರಿಗೈಯಲ್ಲಿ ಚಿಟಿಕೆ ಹೊಡೆದ ಹಾಗೆ ಆಗುವ ಈ ಕೆಲಸ, ದಪ್ಪ ಗ್ಲೌಸ್ ಹಾಕಿ, ಬೆರಳು ಮರಗಟ್ಟಿರುವಾಗ, ಪೈಪಿನಲ್ಲಿ ಒತ್ತಡ ತುಂಬಿರುವಾಗ ಒಂದೇ ಸಲಕ್ಕೆ ಬರುವುದಿಲ್ಲ. ಅದಕ್ಕೇ ಕೋರ್ಸ್‌ನಲ್ಲಿ ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ನೀವು ಅಲ್ಲಿಗೆ ನಿಲ್ಲಿಸಬೇಡಿ. ನಿಜವಾಗಿ ಹಾಕುವ ಗ್ಲೌಸ್‌ನಲ್ಲೇ, ಬಳೆಯನ್ನು ನೋಡದೆ ಕಳಚುವುದು ಅಭ್ಯಾಸವಾಗುವ ತನಕ ಮಾಡಿ.

ಕಳಚಿದ ಮೇಲೆ ಬರುವ ಹೆದರಿಕೆ ಇನ್ನೊಂದು: ಇನ್ನು ಸೂಟಿಗೆ ಗಾಳಿಯೇ ಇಲ್ಲವಲ್ಲ! ಬೇಕಾಗಿಯೂ ಇಲ್ಲ. ಡೈವ್ ಅಲ್ಲಿಗೆ ಮುಗಿಯಿತು, ಮೇಲೆ ಹೋಗುತ್ತಿದ್ದೀರಿ. ಮೇಲೆ ಹೋದಂತೆ ಸೂಟಿನಲ್ಲಿ ಉಳಿದ ಗಾಳಿ ತಾನೇ ಹಿಗ್ಗುತ್ತದೆ. ತೇಲಲು ಇನ್ನೂ ಸ್ವಲ್ಪ ಬೇಕು ಅನಿಸಿದರೆ ಬಿಸಿಡಿ (ಗಾಳಿ ತುಂಬಿ ತೇಲಿಸುವ ಜಾಕೆಟ್) ಇದೆ. ಜೊತೆಗಾರ ಡೈವರ್‌ಗೆ ಹೆಬ್ಬೆರಳು ಮೇಲೆ ಮಾಡಿ ತೋರಿಸಿ, ಇಬ್ಬರೂ ಜೊತೆಯಾಗಿ ಹೊರಡಿ.

ಈಗ ಲೆಕ್ಕ ನೋಡೋಣ. ಚಾರ್ಮಾಡಿ ಘಾಟಿ ಹತ್ತುವಾಗ ಬ್ಯಾಗಿನಲ್ಲಿರುವ ಚಿಪ್ಸ್ ಪ್ಯಾಕೆಟ್ ಉಬ್ಬುತ್ತದೆ ಅಲ್ವಾ? ಸೂಟಿನೊಳಗೂ ಅದೇ ಬಾಯ್ಲ್ ನಿಯಮ (ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ), ವೇಗ ಮಾತ್ರ ತುಂಬಾ ಜಾಸ್ತಿ. 30 ಮೀಟರ್ ಆಳದಲ್ಲಿ ಒತ್ತಡ 4 ಬಾರ್, 20 ಮೀಟರ್‌ನಲ್ಲಿ 3. ಆ ಹತ್ತು ಮೀಟರ್ ಏರುವಾಗ ಗಾಳಿಯ ಗಾತ್ರ ಮೂರನೇ ಒಂದು ಭಾಗ ಹೆಚ್ಚುತ್ತದೆ. 10 ಮೀಟರ್‌ನಿಂದ ಮೇಲ್ಮೈಗೆ ಬರುವಾಗ (2 ಬಾರ್‌ನಿಂದ 1ಕ್ಕೆ) ಪೂರ್ತಿ ಎರಡು ಪಟ್ಟು. ಅಂದರೆ ಅಪಾಯ ಜಾಸ್ತಿ ಇರುವುದು ಮೇಲಿನ ನೀರಿನಲ್ಲಿ. ಸಿಲ್ಫ್ರಾದಲ್ಲಿ ಡೈವರ್‌ಗಳಿಗೆ 18 ಮೀಟರ್ ಮಿತಿ ಇದೆ, ಡೈವ್‌ನ ಬಹುಪಾಲು ಅದಕ್ಕಿಂತಲೂ ಮೇಲೆಯೇ ಕಳೆಯುತ್ತದೆ. 'ಅಷ್ಟೇನೂ ಆಳ ಇಲ್ಲ, ಪರವಾಗಿಲ್ಲ' ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಬಟನ್ ಸಿಕ್ಕಿಕೊಳ್ಳುವುದಾದರೂ ಯಾಕೆ? ಸಮುದ್ರದಲ್ಲಾದರೆ ಮರಳು, ಒಣಗಿದ ಉಪ್ಪು, ಸರ್ವೀಸ್ ಕಾಣದ ವಾಲ್ವ್. ಸಿಲ್ಫ್ರಾದಂಥ ಕಡೆ ಮಂಜುಗಡ್ಡೆ. ಅಲ್ಲಿಯದು ಲಾಂಗ್‌ಯೋಕುಟ್ಲ್ ಹಿಮನದಿ ಕರಗಿ ಲಾವಾ ಕಲ್ಲಿನೊಳಗೆ ಹತ್ತಾರು ವರ್ಷ ಸೋಸಿ ಬರುವ ಸಿಹಿನೀರು, ವರ್ಷವಿಡೀ 2ರಿಂದ 4 ಡಿಗ್ರಿ. ಪೈಪಿನಲ್ಲಿ ಒತ್ತಿಕೊಂಡಿದ್ದ ಗಾಳಿ ವಾಲ್ವ್ ದಾಟಿ ಹಿಗ್ಗುವಾಗ ಇನ್ನೂ ತಣ್ಣಗಾಗುತ್ತದೆ. ಬಟನ್ ಒತ್ತಿ ಹಿಡಿದರೆ ಅಲ್ಲೇ ಐಸ್ ಕಟ್ಟಬಹುದು. ಅದಕ್ಕೆ ಟಕ್, ಟಕ್ ಅಂತ ಚಿಕ್ಕ ಚಿಕ್ಕದಾಗಿ ಒತ್ತಿ. ಒಮ್ಮೆಲೇ ಉದ್ದಕ್ಕೆ ಒತ್ತಬೇಡಿ.

ಪೈಪ್ ಬರಲೇ ಇಲ್ಲ, ತೋಳಿನ ವಾಲ್ವ್ ಕೂಡ ಸಾಲುತ್ತಿಲ್ಲ ಅಂದುಕೊಳ್ಳಿ. ಆಗ ನೀರು ಬರದಂತೆ ಕುತ್ತಿಗೆಗೆ ಬಿಗಿದಿರುವ ಸೀಲ್‌ಗೆ ಬೆರಳು ತೂರಿಸಿ ಅಗಲಿಸಿ. ಅಥವಾ ಕೈ ಮೇಲೆತ್ತಿ ಮಣಿಕಟ್ಟಿನ ಸೀಲ್ ಬಿಡಿಸಿ. ಗಾಳಿ ಬುಳುಬುಳು ಹೊರಗೆ ಹೋಗುತ್ತದೆ, ತಣ್ಣೀರು ಒಳಗೆ ಬರುತ್ತದೆ. ಚಳಿ ಜೀವ ಹಿಂಡುತ್ತದೆ, ಆದರೆ ರಾಕೆಟ್ ಥರ ಮೇಲೆ ಹೋಗುವುದಕ್ಕಿಂತ ಎಷ್ಟೋ ವಾಸಿ. ಸೂಟಿಗೇ ಬಿಗಿಯಾಗಿ ಕೂರುವ ಡ್ರೈ ಗ್ಲೌಸ್ ಹಾಕಿದ್ದರೆ ಮಣಿಕಟ್ಟಿನ ಉಪಾಯ ನಡೆಯುವುದಿಲ್ಲ. ಇದನ್ನು ನೀರಿಗಿಳಿಯುವ ಮುಂಚೆಯೇ ನೆನಪಿಡಿ.

ಎಲ್ಲಕ್ಕಿಂತ ಕೆಟ್ಟದ್ದು ಕಾಲು ಮೇಲಾಗುವುದು. ಗಾಳಿ ಪಾದದ ಕಡೆ ಓಡಿದರೆ ತೋಳಿನ ವಾಲ್ವ್ ಕೆಳಗಾಗುತ್ತದೆ, ಅಲ್ಲಿಂದ ಗಾಳಿ ಹೋಗುವುದಿಲ್ಲ. ಬೂಟು ಉಬ್ಬಿ ಫಿನ್ (ಕಾಲಿನ ಈಜು ರೆಕ್ಕೆ) ಕಳಚಿಬಿಡಬಹುದು. ಮೊಣಕಾಲನ್ನು ಎದೆಗೆ ಎಳೆದುಕೊಂಡು ಮುಂದಕ್ಕೆ ಲಾಗ ಹೊಡೆಯಿರಿ. ತಲೆ ಮೇಲೆ ಬಂದ ತಕ್ಷಣ ಎಡತೋಳು ಎತ್ತಿ. ತಡ ಮಾಡಿದಷ್ಟೂ ಗಾಳಿ ಹಿಗ್ಗುತ್ತದೆ, ತಿರುಗುವುದು ಕಷ್ಟವಾಗುತ್ತದೆ.

ಏನು ಮಾಡಿದರೂ ಏರುವುದು ನಿಲ್ಲದಿದ್ದರೆ ಕೈಕಾಲು ಅಗಲಿಸಿ ನೀರಿಗೆ ಅಡ್ಡ ಮಲಗಿ, ವೇಗ ಸ್ವಲ್ಪವಾದರೂ ತಗ್ಗುತ್ತದೆ. ಉಸಿರು ಮಾತ್ರ ಹಿಡಿಯಬೇಡಿ, ಬಿಡುತ್ತಲೇ ಇರಿ. ಶ್ವಾಸಕೋಶ ತುಂಬಿಕೊಂಡು ಉಸಿರು ಹಿಡಿದರೆ ಒಂದೆರಡು ಮೀಟರ್ ಏರಿಕೆಯೂ ಅದನ್ನು ಹರಿಯಬಲ್ಲದು.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಯಾಕೆಂದರೆ ಇದರ ಉಲ್ಟಾ ಕೂಡ ಅಷ್ಟೇ ಕೆಟ್ಟದ್ದು. ಸೂಟಿಗೆ ಗಾಳಿ ಬರದಿದ್ದರೆ ಇಳಿಯುತ್ತಾ ಹೋದಂತೆ ಸೂಟ್ ಮೈಯನ್ನು ಹಿಂಡುತ್ತದೆ, ತೇಲುವ ಶಕ್ತಿಯೂ ಹೋಗುತ್ತದೆ. 2020ರಲ್ಲಿ ಅಮೆರಿಕದ ಮೊಂಟಾನಾದ ಲೇಕ್ ಮೆಕ್‌ಡೊನಾಲ್ಡ್‌ನಲ್ಲಿ ಡೈವಿಂಗ್ ಕಲಿಯುತ್ತಿದ್ದ ಒಬ್ಬ ಯುವತಿ ಹೀಗೆ ಸತ್ತಳು. ಅವಳ ಸೂಟಿನ ವಾಲ್ವ್‌ಗೆ ಹೊಂದುವ ಪೈಪೇ ಇರಲಿಲ್ಲ. ಮೇಲಿಂದ ಬೇಕಾದ್ದಕ್ಕಿಂತ ಜಾಸ್ತಿ ಸೀಸ (ಮುಳುಗಲು ಹೊರುವ ತೂಕ), ಅದೂ ಬೇಗ ಕಳಚಿ ಬಿಸಾಡಲು ಆಗದ ಜೇಬುಗಳಲ್ಲಿ. ವಾಲ್ವ್‌ಗಳಲ್ಲಿ ಬೇರೆ ಬೇರೆ ಮಾದರಿ ಇವೆ, ಒಂದರ ಪೈಪ್ ಇನ್ನೊಂದಕ್ಕೆ ಕೂರುವುದಿಲ್ಲ. ಬಾಡಿಗೆ ಸೂಟ್ ತಗೊಂಡರೆ ದಡದಲ್ಲೇ ಪೈಪ್ ಸಿಕ್ಕಿಸಿ, ಬಟನ್ ಒತ್ತಿ, ಕಳಚಿ ನೋಡಿ. 'ಈ ಸಲ ಸುಮ್ನೆ ಹೀಗೇ ಇಳಿಯೋಣ' ಅಂದರೆ ಒಪ್ಪಲೇಬೇಡಿ, ಹೇಳುವವರು ಇನ್‌ಸ್ಟ್ರಕ್ಟರ್ ಆದರೂ ಸರಿ.

ಬಿಸಿಡಿಯೇ ಕೈಕೊಟ್ಟರೆ? ಅದರ ಬಟನ್ ಸಿಕ್ಕಿಕೊಂಡರೂ ಇದೇ ಔಷಧ: ಪೈಪ್ ಕಳಚಿ, ಗಾಳಿ ಬಿಡಿ. ಚೀಲ ಹರಿದಿದ್ದರೆ ಸೂಟಿನ ಗಾಳಿಯಲ್ಲೇ ಮೇಲೆ ಬನ್ನಿ. ಸೂಟ್ ಹರಿದು ನೀರು ತುಂಬಿದರೂ ಒಳಗಿನ ನೀರು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ನೀರಿನಲ್ಲಿ ನೀರಿಗೆ ತೂಕವಿಲ್ಲ. ಕಳೆದುಹೋದ ಗಾಳಿಯ ಜಾಗ ತುಂಬಲು ಬಿಸಿಡಿ ಸಾಕು. ನಿಜವಾದ ಕಷ್ಟ ಎರಡು: ಚಳಿ, ಮತ್ತು ನೀರಿನಿಂದ ಹೊರಗೆ ಮೆಟ್ಟಿಲು ಹತ್ತುವಾಗ ಕಾಲಿಗೆ ಬೀಳುವ ಭಾರ.

ತೇಲಲು ಸೂಟ್ ಬಳಸಬೇಕಾ, ಬಿಸಿಡಿ ಬಳಸಬೇಕಾ ಅನ್ನುವ ಜಗಳ ಡೈವರ್‌ಗಳಲ್ಲಿ ಮುಗಿಯುವುದೇ ಇಲ್ಲ. ಆ ಜಗಳಕ್ಕಿಂತ ಸೀಸದ ಲೆಕ್ಕ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಸೀಸ ಜಾಸ್ತಿಯಾದರೆ ಅದನ್ನು ತೂಗಿಸಲು ಗಾಳಿಯೂ ಜಾಸ್ತಿ ಬೇಕು. ಸಿಕ್ಕಿಕೊಂಡ ಬಟನ್‌ಗಿಂತ ಮೊದಲೇ ನೀವು ಹಿಗ್ಗುವ ಗಾಳಿಯನ್ನು ಹೊತ್ತುಕೊಂಡಿರುತ್ತೀರಿ. ನೇತ್ರಾಣಿಯ ಅಂದಾಜು ಇಲ್ಲಿ ಉಪಯೋಗಕ್ಕಿಲ್ಲ. ಸಿಹಿನೀರಿನಲ್ಲಿ ಸೀಸ ಕಡಿಮೆ ಸಾಕು, ಆದರೆ ಒಳಗಿನ ದಪ್ಪ ಬಟ್ಟೆಗೆ ಜಾಸ್ತಿ ಬೇಕು. ಸಿಲಿಂಡರ್‌ನಲ್ಲಿ 50 ಬಾರ್ ಉಳಿದಾಗ, ಸೂಟ್ ಮತ್ತು ಬಿಸಿಡಿಯ ಗಾಳಿಯನ್ನೆಲ್ಲ ಬಿಟ್ಟು ಮೇಲ್ಮೈಯಲ್ಲಿ ನಿಂತು ನೋಡಿ. ಮಾಮೂಲಿ ಉಸಿರಿನಲ್ಲಿ ನೀರು ಕಣ್ಣಿನ ಮಟ್ಟಕ್ಕೆ ಬಂದರೆ ಸರಿಯಾಗಿದೆ.

ಒಂದು ವೇಳೆ ಬೇಗ ಮೇಲೆ ಬಂದುಬಿಟ್ಟಿರಿ ಅಂತಿಟ್ಟುಕೊಳ್ಳಿ. ಏನೂ ಆಗಿಲ್ಲ ಅನಿಸಿದರೂ, ತಪ್ಪಿದ ಸ್ಟಾಪ್ (ಏರುವಾಗ ನಡುವೆ ಕೆಲ ನಿಮಿಷ ನಿಲ್ಲುವುದು) ಮಾಡುತ್ತೇನೆ ಅಂತ ಮತ್ತೆ ಕೆಳಗೆ ಇಳಿಯಬೇಡಿ. ಆ ದಿನ ಡೈವಿಂಗ್ ಸಾಕು. ಗೈಡ್‌ಗೆ ಹೇಳಿ, ಬೆಚ್ಚಗಿರಿ, ನೀರು ಕುಡಿಯಿರಿ. ಕೀಲು ನೋವು, ಜುಮುಜುಮು, ತಲೆಸುತ್ತು, ಎದೆನೋವು, ಕೆಮ್ಮಿದರೆ ರಕ್ತ, ಇವುಗಳಲ್ಲಿ ಒಂದು ಕಂಡರೂ ಶುದ್ಧ ಆಮ್ಲಜನಕ ಕೊಡಿಸಿ, ತುರ್ತು ಸಂಖ್ಯೆಗೆ ಫೋನ್ ಮಾಡಿಸಿ. ಐಸ್‌ಲ್ಯಾಂಡ್‌ನಲ್ಲಿ ಅದು 112. ಲಕ್ಷಣಗಳು ಕೆಲವು ಗಂಟೆ ತಡವಾಗಿಯೂ ಬರಬಹುದು. ಹಾಗಾಗಿ ಅದೇ ಸಂಜೆಯ ವಿಮಾನ ಹತ್ತಬೇಡಿ, ಟಿಕೆಟ್ ಹಾಳಾದರೂ ಚಿಂತೆಯಿಲ್ಲ.